ಮುಂತಾದವರ ಸಾಲಿನಲ್ಲಿ ಚೆನ್ನಪ್ಪಣ್ಣ

ನಾನು ಪೇಪರನ್ನು ಕೆಳಗಿನಿಂದ ಮೇಲಕ್ಕೆ ಓದುವವನು. ನಗಬೇಡಿ, ಇದು ಹುಟ್ಟಿನಿಂದ ಬಂದದ್ದಲ್ಲ, ಕಸುಬಿನಿಂದ ಅಂಟಿದ್ದು. ಯಾವ ಕಾರ್ಯಕ್ರಮದ ವರದಿಯೇ ಇರಲಿ, ನನ್ನ ಕಣ್ಣು ಮೊದಲು ಹೋಗುವುದು ಕೊನೆಯ ಸಾಲಿಗೆ. ಇಂಥವರು ಸ್ವಾಗತಿಸಿದರು, ಇಂಥವರು ವಂದಿಸಿದರು, ಇಂಥವರು ಕಾರ್ಯಕ್ರಮ ನಿರೂಪಿಸಿದರು. ಅಲ್ಲಿಂದ ಒಂದು ಮೆಟ್ಟಿಲು ಮೇಲೆ ಹತ್ತಿದರೆ ವೇದಿಕೆಯಲ್ಲಿ ಕೂತವರ ಹೆಸರುಗಳು, ಅವುಗಳ ಬಾಲಕ್ಕೆ ‘ಮುಂತಾದವರು ಉಪಸ್ಥಿತರಿದ್ದರು’. ಮಂತ್ರಿಗಳು ಏನು ಭಾಷಣ ಮಾಡಿದರು ಎಂಬಲ್ಲಿಗೆ ನಾನು ತಲುಪುವಷ್ಟರಲ್ಲಿ ಕಾಫಿ ಮುಗಿದಿರುತ್ತದೆ. ಭಾಷಣ ಓದದೆ ನನಗೆ ಇದುವರೆಗೆ ನಷ್ಟವಾದದ್ದು ಏನೂ ಇಲ್ಲ. ನೀವು ಪೇಪರು ಓದುವುದಲ್ಲ, ಹಾಜರಿ ಕರೆಯುವುದು ಎಂದು ಮಗಳು ತಮಾಷೆ ಮಾಡುತ್ತಾಳೆ. ಅವಳು ಹೇಳುವುದು ಸರಿಯೇ.

ಬೆಳ್ತಂಗಡಿಯ ಬಸ್‌ಸ್ಟ್ಯಾಂಡಿನ ಹತ್ತಿರ ನಾನು ಬಹಳ ವರ್ಷ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿದೆ. ಕಲಿಯಲು ಬರುವವರು ಕಡಿಮೆಯಾದಾಗ ಅದಕ್ಕೊಂದು ಜೆರಾಕ್ಸ್ ಮೆಷಿನ್ ಸೇರಿತು. ಇದರ ಜೊತೆಗೆ ಮಂಗಳೂರಿನ ಒಂದು ಪತ್ರಿಕೆಗೆ ನಾನು ಬಿಡಿ ಸುದ್ದಿಗಾರ. ಸುದ್ದಿ ಬರೆದು, ಕವರಿಗೆ ಹಾಕಿ, ಮೇಲೆ ಕೆಂಪು ಶಾಯಿಯಲ್ಲಿ ‘ತುರ್ತು’ ಎಂದು ಗೀಚಿ, ಸಂಜೆಯ ಬಸ್ಸಿನ ಕಂಡಕ್ಟರನ ಕೈಗೆ ಕೊಡುವುದು ಆಗಿನ ಕ್ರಮ. ಆ ಕಡೆಯಿಂದ ಪತ್ರಿಕೆಯವರು ಬಂದು ಕವರು ತೆಗೆದುಕೊಂಡು ಹೋಗುತ್ತಿದ್ದರು. ಪುಟದಲ್ಲಿ ಜಾಗ ಸಾಲದಿದ್ದರೆ ಕತ್ತರಿ ಬೀಳುತ್ತಿದ್ದದ್ದು ವರದಿಯ ಬುಡಕ್ಕೆ. ಬುಡದಲ್ಲಿ ಇದ್ದದ್ದು ಹೆಸರುಗಳು. ಹೆಸರು ತಪ್ಪಿದವರು ಮರುದಿನ ಬೆಳಿಗ್ಗೆ ನಾನು ಅಂಗಡಿಯ ಬಾಗಿಲು ತೆಗೆಯುವುದನ್ನೇ ಕಾಯುತ್ತಿದ್ದರು. ಆದ್ದರಿಂದ ಕೆಳಗಿನಿಂದ ಓದುವುದು ನನ್ನ ಪಾಲಿಗೆ ಆತ್ಮರಕ್ಷಣೆಯ ವಿದ್ಯೆ. ಒಬ್ಬ ಸೊಸೈಟಿ ನಿರ್ದೇಶಕರು, ತಮ್ಮ ಹೆಸರು ಎದುರಾಳಿಯ ಹೆಸರಿನ ನಂತರ ಬಂತೆಂದು ಎರಡು ವರ್ಷ ನನ್ನ ಅಂಗಡಿಗೆ ಕಾಲಿಡಲಿಲ್ಲ. ಒಂದು ಪುಟ ಜೆರಾಕ್ಸಿಗೂ ಪಕ್ಕದೂರು ಲಾಯಿಲದವರೆಗೆ ನಡೆದುಕೊಂಡು ಹೋಗುತ್ತಿದ್ದರು. ಅವರ ಆರೋಗ್ಯ ಸುಧಾರಿಸಿದ್ದು ನನ್ನಿಂದ ಎಂದು ನಾನು ಈಗಲೂ ಹೇಳಿಕೊಳ್ಳುತ್ತೇನೆ.

ರಾಜಕೀಯದವರ ಹೆಸರಿನ ಹುಚ್ಚು ನನಗೆ ಅದಕ್ಕಿಂತ ಮೊದಲೇ, ಬಂಟ್ವಾಳ ಪೇಟೆಯಲ್ಲಿ, ಚಡ್ಡಿ ಹಾಕುವ ವಯಸ್ಸಿನಲ್ಲೇ ಹಿಡಿದಿತ್ತು. ಚುನಾವಣೆ ಬಂದರೆ ಮೈಕು ಕಟ್ಟಿದ ಜೀಪು ಪೇಟೆಯ ಇಕ್ಕಟ್ಟು ರಸ್ತೆಯಲ್ಲಿ ನಿಧಾನ ಬರುತ್ತಿತ್ತು. ಹಿಂದಿನ ಸೀಟಿನಲ್ಲಿ ಕೂತವನು ಹಳದಿ, ಗುಲಾಬಿ, ತಿಳಿಹಸಿರು ಬಣ್ಣದ ನೋಟೀಸುಗಳನ್ನು ಗಾಳಿಗೆ ಎಸೆಯುತ್ತಿದ್ದ. ನಾವು ಓಡಿ ಹೆಕ್ಕುತ್ತಿದ್ದೆವು. ಅದರ ಬೆನ್ನಿನಲ್ಲಿ ಲೆಕ್ಕ ಮಾಡುತ್ತಿದ್ದೆವು, ಹೊಟ್ಟೆಯಲ್ಲಿದ್ದ ಹೆಸರನ್ನು ಬಾಯಿಪಾಠ ಮಾಡುತ್ತಿದ್ದೆವು. ನನ್ನ ಅಮ್ಮ ಡಬ್ಬಗಳ ಅಡಿಗೆ ಹಾಸುತ್ತಿದ್ದದ್ದು ಅದೇ ಕಾಗದ. ಮೆಣಸಿನ ಡಬ್ಬ ಎತ್ತಿದರೆ ಒಬ್ಬ ಅಭ್ಯರ್ಥಿ, ಕೊತ್ತಂಬರಿ ಡಬ್ಬ ಎತ್ತಿದರೆ ಇನ್ನೊಬ್ಬ. ಸೋತವರ ಕಾಗದವೇ ದಪ್ಪ ಮತ್ತು ಲಾಯ್ಕ ಎಂಬುದು ಅಮ್ಮನ ಅಭಿಪ್ರಾಯವಾಗಿತ್ತು. ಗೆದ್ದವರು ಯಾರು ಎಂದು ಅವಳು ಯಾವತ್ತೂ ಕೇಳಿದವಳಲ್ಲ. ಇವರೆಲ್ಲ ಆಮೇಲೆ ಎಲ್ಲಿಗೆ ಹೋಗುತ್ತಾರೆ ಎಂದು ನಾನು ಒಮ್ಮೆ ಕೇಳಿದ್ದೆ. ಮನೆಗೆ ಹೋಗುತ್ತಾರೆ, ಇನ್ನೆಲ್ಲಿಗೆ ಎಂದಿದ್ದಳು.

ಅವರು ಹೋಗುವುದು ವಿಶ್ವಕೋಶಕ್ಕೆ ಎಂದು ನನಗೆ ತಿಳಿದದ್ದು ಅಂಗಡಿ ಮುಚ್ಚಿ ಮೂಡುಬಿದಿರೆಯಲ್ಲಿ ಮಗಳ ಮನೆಗೆ ಬಂದು ಸೇರಿದ ಮೇಲೆ. ಅಲ್ಲಿನ ಒಂದು ಕಾಲೇಜಿನಲ್ಲಿ ಅಂತರ್ಜಾಲದ ಕನ್ನಡ ವಿಶ್ವಕೋಶಕ್ಕೆ ಲೇಖನ ಬರೆಯುವುದನ್ನು ಕಲಿಸುವ ಶಿಬಿರ ಇತ್ತು. ನಾನು ಹೋದದ್ದು ಗೋಳಿಬಜೆ ಕೊಡುತ್ತಾರೆ ಎಂದು ಕೇಳಿ. ಗೋಳಿಬಜೆ ತಣ್ಣಗಾಗಿತ್ತು. ಆದರೆ ಟೈಪಿಂಗ್ ಬರುವ ಮುದುಕ ಒಬ್ಬ ಸಿಕ್ಕಿದ್ದು ಅವರಿಗೆ ಬಹಳ ಖುಷಿಯಾಯಿತು. ಹಲಸಿನ ಕಡುಬಿನ ಬಗ್ಗೆ ಬರೆದೆ, ಬಸದಿಯ ಕಂಬಗಳ ಬಗ್ಗೆ ಬರೆದೆ, ಬಂಗುಡೆ ಮೀನಿನ ಬಗ್ಗೆ ತಿಂದಷ್ಟೇ ಪ್ರೀತಿಯಿಂದ ಬರೆದೆ. ನಾಲ್ಕು ವರ್ಷದಲ್ಲಿ ನಾನೇ ಶಿಬಿರ ನಡೆಸಿ ಕಲಿಸುವವನಾದೆ, ನನ್ನನ್ನು ನಿರ್ವಾಹಕನನ್ನಾಗಿಯೂ ಮಾಡಿದರು. ನಿರ್ವಾಹಕನೆಂದರೆ ದೊಡ್ಡ ಹುದ್ದೆಯೆಂದು ತಿಳಿಯಬೇಡಿ, ಗುಡಿಸುವ ಕೆಲಸ. ಉಳಿಯಬಾರದ ಪುಟವನ್ನು ಅಳಿಸುವ ಗುಂಡಿ ಅವನ ಪರದೆಯಲ್ಲಿ ಮಾತ್ರ ಇರುತ್ತದೆ.

ಉಳಿಯಬೇಕೋ ಬೇಡವೋ ಎಂದು ನಿರ್ಧರಿಸಲು ‘ಗಮನಾರ್ಹತೆ’ ಎಂಬ ನಿಯಮ ಉಂಟು. ಶಾಸಕನಾದವನು ಪ್ರಶ್ನೆಯಿಲ್ಲದೆ ಒಳಗೆ ಬರುತ್ತಾನೆ, ಐದು ವರ್ಷ ಸದನದಲ್ಲಿ ಬಾಯಿ ತೆರೆಯದಿದ್ದರೂ ಸರಿ. ಪಂಚಾಯತಿಯವನು ಬರಬೇಕಾದರೆ ಅವನ ಬಗ್ಗೆ ಅವನಿಗೆ ಸಂಬಂಧವಿಲ್ಲದವರು, ನಂಬುವಂಥ ಕಡೆಯಲ್ಲಿ, ವಿವರವಾಗಿ ಬರೆದಿರಬೇಕು. ಆಮಂತ್ರಣ ಪತ್ರಿಕೆ ಆಗದು, ಫ್ಲೆಕ್ಸ್ ಆಗದು, ಸನ್ಮಾನ ಪತ್ರ ಆಗದು. ಹೀಗಾಗಿ ಚುನಾವಣೆಯ ಹೊತ್ತಿಗೆ ನಮ್ಮ ಕೆಲಸ ಹೆಚ್ಚು. ಒಮ್ಮೆ ಬಂಟ್ವಾಳ ಕಡೆಯ ಒಬ್ಬ ಯುವ ಮುಖಂಡರ ಪುಟ ಬಂತು. ಅಭಿವೃದ್ಧಿಯ ಹರಿಕಾರ, ಬಡವರ ಬಂಧು, ಯುವಜನರ ಕಣ್ಮಣಿ. ವಿಶೇಷಣಗಳನ್ನು ತೆಗೆದ ಮೇಲೆ ಉಳಿದದ್ದು ಹೆಸರು ಮತ್ತು ರಕ್ತದ ಗುಂಪು. ಮೂಲವಾಗಿ ಕೊಟ್ಟದ್ದು ಅವರ ಹುಟ್ಟುಹಬ್ಬಕ್ಕೆ ಅವರೇ ಹಾಕಿಸಿದ ಜಾಹೀರಾತು. ಅಳಿಸಿದೆ. ಅವರ ಕಡೆಯವರೊಬ್ಬರು ಫೋನು ಮಾಡಿ, "ಎಂತ ಮಾರಾಯ್ರೆ, ಅಣ್ಣನ ಬರ್ತ್‌ಡೇಯವರೆಗಾದ್ರೂ ಇಡ್ಬಹುದಿತ್ತಲ್ವಾ" ಎಂದು ಬಹಳ ನೊಂದು ಕೇಳಿದರು. ನಿಯಮ ಎಂದೆ. ನಿಯಮ ಎನ್ನುವಾಗ ಸಿಗುವ ಒಂದು ಸುಖ ಉಂಟಲ್ಲ, ಅದು ನನಗೆ ಚೆನ್ನಾಗಿಯೇ ಸಿಗುತ್ತಿತ್ತು.

ಆ ಸುಖಕ್ಕೆ ಕಲ್ಲು ಬಿದ್ದದ್ದು ಚೆನ್ನಪ್ಪಣ್ಣನ ಪುಟ ಬಂದಾಗ.

ಪುಟ ಚಿಕ್ಕದು, ಎರಡು ಪ್ಯಾರಾ. ನೆರಿಯದ ಕಡೆಯ ಚೆನ್ನಪ್ಪ ಎಂಬವರು ಪಂಚಾಯತ್ ಸದಸ್ಯರಾಗಿ ಇಷ್ಟು ಬಾರಿ, ಅಧ್ಯಕ್ಷರಾಗಿ ಒಮ್ಮೆ, ತಾಲೂಕು ಪಂಚಾಯತ್ ಸದಸ್ಯರಾಗಿ ಒಮ್ಮೆ ಕೆಲಸ ಮಾಡಿದರು, ಜಿಲ್ಲಾ ಪಂಚಾಯತಿಗೆ ನಿಂತು ಸೋತರು, ತಮ್ಮ ಊರಿನ ತೋಡಿಗೆ ಕಾಲುಸಂಕ, ಅಂದರೆ ಹಳ್ಳಕ್ಕೆ ನಡೆದು ದಾಟುವ ಸೇತುವೆ, ಕಟ್ಟಿಸಿದರು, ಈಗ ಇಲ್ಲ. ಒಂದು ವಿಶೇಷಣವೂ ಇರಲಿಲ್ಲ. ಮೂಲವೂ ಇರಲಿಲ್ಲ. ‘ಕಡಲಹಕ್ಕಿ’ ಎಂಬ ಸದಸ್ಯನಾಮದ ಒಬ್ಬ ಯುವಕ ನಮ್ಮಲ್ಲಿ ಬಹಳ ಚುರುಕು. ಅವನು ಪುಟದ ತಲೆಯ ಮೇಲೆ ಅಳಿಸಬೇಕೆಂಬ ಪಟ್ಟಿ ಅಂಟಿಸಿ, ಮೂಲಗಳಿಲ್ಲ, ಏಳು ದಿನ ಚರ್ಚೆಗೆ ಅವಕಾಶ ಎಂದು ಬರೆದಿದ್ದ. ಏಳು ದಿನದ ಕೊನೆಗೆ ತೀರ್ಪು ಹೇಳಬೇಕಾದವನು ನಾನು.

ಚೆನ್ನಪ್ಪಣ್ಣನನ್ನು ನಾನು ಹೇಗೆ ಮರೆಯಲಿ? ವಾರಕ್ಕೊಮ್ಮೆ, ಸಂತೆಯ ದಿನ, ನೆರಿಯದ ಮೊದಲ ಬಸ್ಸಿನಿಂದ ಇಳಿದು ಸೀದಾ ನನ್ನ ಅಂಗಡಿಗೆ ಬರುತ್ತಿದ್ದರು. ಹೆಗಲಲ್ಲಿ ಒಂದು ಬಟ್ಟೆಚೀಲ. ಅದರಲ್ಲಿ ಊರವರ ಅರ್ಜಿಗಳು. ವಿಧವಾ ವೇತನದ್ದು, ರೇಷನ್ ಕಾರ್ಡಿನದ್ದು, ಪಹಣಿಯಲ್ಲಿ ಹೆಸರು ತಪ್ಪಿದ್ದು. ನಾನು ಒಂದೊಂದಾಗಿ ಟೈಪ್ ಮಾಡಿ ಕೊಡುತ್ತಿದ್ದೆ. ಅವರು ಬೆಂಚಿನಲ್ಲಿ ಕೂತು, ನನ್ನ ಕೈ ಬಿಡುವಾಗುವವರೆಗೆ ಆ ದಿನದ ಪೇಪರು ಓದುತ್ತಿದ್ದರು. ಆಮೇಲೆ ತಾಲೂಕು ಆಫೀಸಿನಲ್ಲಿ ಸಾಲು ನಿಲ್ಲುತ್ತಿದ್ದರು. ಆಗ ಅವರು ಪಂಚಾಯತ್ ಅಧ್ಯಕ್ಷರು, ಆದರೂ ಸಾಲು. ಒಳಗೆ ಹೋಗಿ ಕೂತುಕೊಳ್ಳಬಹುದಲ್ಲ ಎಂದು ನಾನೇ ಒಮ್ಮೆ ಹೇಳಿದ್ದೆ. ಒಳಗೆ ಕೂತರೆ ಚಾ ಕೊಡುತ್ತಾರೆ, ಅರ್ಜಿ ತೆಗೆದುಕೊಳ್ಳುವುದಿಲ್ಲ ಎಂದು ನಕ್ಕಿದ್ದರು.

ಅವರ ಊರಿನ ತೋಡು ಮಳೆಗಾಲದಲ್ಲಿ ಕೆಟ್ಟದ್ದು. ಮಕ್ಕಳು ಹಗ್ಗ ಹಿಡಿದು ದಾಟುತ್ತಿದ್ದರು. ಎರಡು ತಿಂಗಳು ಶಾಲೆಗೇ ಹೋಗುತ್ತಿರಲಿಲ್ಲ. ಆ ಸಂಕದ ಅರ್ಜಿಯನ್ನು ನಾನು ಎಷ್ಟು ಸಲ ಟೈಪ್ ಮಾಡಿದ್ದೇನೆಂದರೆ, ಕಣ್ಣು ಮುಚ್ಚಿದರೂ ಬೆರಳು ತಾನಾಗಿ ‘ಮಾನ್ಯರೇ, ಈ ಮೊದಲು ಸಲ್ಲಿಸಿದ ಮನವಿಗಳನ್ನು ಉಲ್ಲೇಖಿಸಿ’ ಎಂದು ಹೊಡೆಯುತ್ತಿತ್ತು. ಒಂಬತ್ತು ವರ್ಷ ಅವರು ಅದರ ಹಿಂದೆ ತಿರುಗಿದರು. ಮಂಗಳೂರಿಗೆ ಹೋದರು, ಬೆಂಗಳೂರಿಗೂ ಹೋದರು. ಕೊನೆಗೂ ಸಂಕ ಆಯಿತು. ಉದ್ಘಾಟನೆಗೆ ಬೇರೆ ಊರಿನ ಮಂತ್ರಿ ಬಂದರು. ನಾನೂ ಹೋಗಿದ್ದೆ.

ವೇದಿಕೆಯಲ್ಲಿ ಆ ದಿನ ಒಂದು ಮದುವೆಗೆ ಸಾಕಾಗುವಷ್ಟು ಜನ. ಎಲ್ಲರ ಹೆಸರು ಬರೆದರೆ ವರದಿಗೆ ಜಾಗ ಇಲ್ಲ. ಎಂಟು ಹೆಸರಿಗೆ ನಿಲ್ಲಿಸಬೇಕೆಂದು ಪತ್ರಿಕೆಯ ಕಟ್ಟಪ್ಪಣೆ. ಯಾರನ್ನು ಬಿಡುವುದು? ಇದರಲ್ಲಿ ನನ್ನದೊಂದು ಕ್ರಮ ಇತ್ತು, ಯಾವ ಸುದ್ದಿಗಾರನೂ ಹೊರಗೆ ಹೇಳದ ಕ್ರಮ. ಬಿಟ್ಟರೆ ಜಗಳಕ್ಕೆ ಬರುವವರ ಹೆಸರನ್ನು ಮೊದಲು ಬರೆಯುವುದು. ಗುತ್ತಿಗೆದಾರ ಬರುತ್ತಾನೆ, ಬರೆದೆ. ಸೊಸೈಟಿ ನಿರ್ದೇಶಕರು ಬರುತ್ತಾರೆ, ಬರೆದೆ. ಪಕ್ಷದ ಬ್ಲಾಕ್ ಅಧ್ಯಕ್ಷರು ಅಂಗಡಿಗೆ ಬರುವುದಿಲ್ಲ, ಸೀದಾ ಸಂಪಾದಕರಿಗೆ ಫೋನು ಮಾಡುತ್ತಾರೆ, ಅವರನ್ನು ಇನ್ನೂ ಮೇಲೆ ಬರೆದೆ. ಎಂಟು ಆಯಿತು. ಚೆನ್ನಪ್ಪಣ್ಣ ಜಗಳ ಮಾಡುವವರಲ್ಲ. ಅವರು ಮುಂತಾದವರಿಗೆ ಸೇರಿದರು. ಆ ದಿನ ಮಾತ್ರ ಅಲ್ಲ. ಯಾವ ವರದಿಯಲ್ಲಿ ಹೆಸರು ಹೆಚ್ಚಾದರೂ ನಾನು ಮೊದಲು ತೆಗೆಯುತ್ತಿದ್ದದ್ದು ಅವರ ಹೆಸರನ್ನೇ. ಮುಂದಿನ ಸಂತೆಯ ದಿನ ಅವರು ಬಂದು, ಬೆಂಚಿನಲ್ಲಿ ಕೂತು, ಸಂಕದ ವರದಿ ಇದ್ದ ಪೇಪರು ಕೇಳಿ ಪಡೆದು ಓದಿದರು. "ಲಾಯ್ಕ ಬರ್ದಿದ್ದೀರಿ ಮಾಷ್ಟ್ರೇ" ಎಂದರು. ಪಂಚಾಯತಿನ ಫೈಲಿಗೆ ಬೇಕೆಂದು ಅದರ ಒಂದು ಜೆರಾಕ್ಸನ್ನೂ ಮಾಡಿಸಿಕೊಂಡರು. ಎಂಥ ದೊಡ್ಡ ಮನಸ್ಸು ಎಂದುಕೊಂಡೆ.

ಇಲ್ಲಿಗೆ ಮುಗಿದಿದ್ದರೂ ಆಗುತ್ತಿತ್ತು. ನಾನು ಇನ್ನೊಂದು ಘನಕಾರ್ಯ ಮಾಡಿದ್ದೆ. ವಿಶ್ವಕೋಶಕ್ಕೆ ಹೊಸದಾಗಿ ಸೇರಿದ ಹುರುಪಿನಲ್ಲಿ, ಆ ಮಂತ್ರಿಯ ಬಗ್ಗೆ ಪುಟ ಬರೆದವನೂ ನಾನೇ. ಪೆಟ್ಟಿಗೆಯಲ್ಲಿದ್ದ ನನ್ನ ಹಳೆಯ ವರದಿಗಳ ತುಂಡುಗಳನ್ನು ತೆಗೆದು, ಒಂದೊಂದು ವಾಕ್ಯಕ್ಕೆ ಒಂದೊಂದು ಮೂಲ ಅಂಟಿಸಿ, ‘ಇವರ ಪ್ರಯತ್ನದಿಂದ ನೆರಿಯ ಸಮೀಪದ ಕಾಲುಸಂಕ ನಿರ್ಮಾಣವಾಯಿತು’ ಎಂದು ಬರೆದಿದ್ದೆ. ವರದಿಯಲ್ಲಿ ಹಾಗೇ ಇತ್ತು. ಬಿಡಿ ಸುದ್ದಿಗಾರನ ಹೆಸರು ಪತ್ರಿಕೆಯಲ್ಲಿ ಹಾಕುವುದಿಲ್ಲವಾದ್ದರಿಂದ, ಅದು ನನ್ನದೇ ವರದಿ ಎಂದು ವಿಶ್ವಕೋಶದಲ್ಲಿ ಯಾರಿಗೂ ತಿಳಿಯುವಂತಿರಲಿಲ್ಲ. ನನ್ನ ಬರಹ ವಿಶ್ವಕೋಶಕ್ಕೆ ಆಧಾರವಾಯಿತಲ್ಲ ಎಂದು ಆಗ ಎರಡು ದಿನ ಎದೆಯುಬ್ಬಿಸಿ ನಡೆದಿದ್ದೆ.

ಚರ್ಚೆಯ ಮೂರನೆಯ ದಿನ ಫೋನು ಬಂತು. ಮಾತು ತುಳುವಿನಲ್ಲಿ ಆದದ್ದು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆಕೆ ಸುಮತಿ, ಚೆನ್ನಪ್ಪಣ್ಣನ ಮಗಳು, ಪಂಚಾಯತಿನ ಗ್ರಂಥಾಲಯದಲ್ಲಿ ಕೆಲಸ. ಪುಟ ಬರೆದದ್ದು ಆಕೆಯೇ. ಬೆಳ್ತಂಗಡಿಯಲ್ಲಿ ನಾನು ನಡೆಸಿದ ಶಿಬಿರದಲ್ಲೇ ಬರೆಯಲು ಕಲಿತಳಂತೆ. ನಮ್ಮ ಊರಿನ ಸೇತುವೆ, ರಸ್ತೆಗಳ ಬಗ್ಗೆ ಬರೆದು ತನ್ನಿ ಎಂದು ಶಾಲೆಯಲ್ಲಿ ಆಕೆಯ ಮಗಳ ತರಗತಿಗೆ ಹೇಳಿದ್ದರು. ಹುಡುಗಿ, ಸಂಕ ಮಾಡಿಸಿದ್ದು ನನ್ನ ಅಜ್ಜ ಎಂದು ಬರೆದುಕೊಂಡು ಹೋದಳು. ಟೀಚರು ಮೊಬೈಲಿನಲ್ಲಿ ವಿಶ್ವಕೋಶ ತೆಗೆದು ನೋಡಿ, ಅಜ್ಜನ ಹೆಸರು ಹೊಡೆದುಹಾಕಿ ಮಂತ್ರಿಯ ಹೆಸರು ಬರೆಸಿದರು.

"ಅಪ್ಪ ಅವಳನ್ನು ಕೂತ್ಕೊಳ್ಳಿಸಿ ಸಂಕದ ಕಥೆ ಎಷ್ಟು ಸಲ ಹೇಳಿದ್ದಾರೋ" ಎಂದಳು ಸುಮತಿ. "ಈಗ ಅಜ್ಜ ಸುಳ್ಳು ಹೇಳಿದ್ದಾ ಅಂತ ಕೇಳ್ತಾಳೆ ಸರ್. ನಾನು ಎಂತ ಹೇಳುದು? ಅಪ್ಪನ ಹೆಸರು ಇರುವ ಒಂದು ಪೇಪರು ಸಿಕ್ಕಿದ್ರೆ ಸಾಕಿತ್ತು. ಆಗ ಬರೀತಿದ್ದದ್ದು ನೀವೇ ಅಲ್ವಾ? ನಿಮ್ಮತ್ರ ಉಂಟಾ ನೋಡ್ತೀರಾ?"

ನೋಡುತ್ತೇನೆ ಎಂದೆ. ಇಲ್ಲವೆಂದು ಗೊತ್ತಿದ್ದೂ ನೋಡಿದೆ. ಮಂಚದ ಅಡಿಯಿಂದ ಎರಡು ಪೆಟ್ಟಿಗೆ ಎಳೆದು ಮೂರು ಮಧ್ಯಾಹ್ನ ಕೂತೆ. ನನ್ನ ಸುದ್ದಿಗಾರಿಕೆಯ ಇಡೀ ಆಯುಷ್ಯ ಅದರಲ್ಲಿತ್ತು. ತೆಂಗಿನಕಾಯಿಯ ಗಾತ್ರದ ಲಿಂಬೆ ಬೆಳೆದವನ ಹೆಸರಿತ್ತು. ಬಾವಿಗೆ ಬಿದ್ದ ಚಿರತೆಯನ್ನು ನೋಡಲು ಬಂದವರಲ್ಲಿ ಪ್ರಮುಖರ ಹೆಸರಿತ್ತು. ಪ್ರಾರ್ಥನೆ ಹಾಡಿದ ಹೆಣ್ಣುಮಕ್ಕಳ ಹೆಸರು, ಇನಿಷಿಯಲ್ ಸಮೇತ ಇತ್ತು. ಸಂಕದ ವರದಿಯ ಜೊತೆಗಿನ ಚಿತ್ರದಲ್ಲಿ, ಮಂತ್ರಿ ರಿಬ್ಬನ್ ಕತ್ತರಿಸುವಾಗ ತಟ್ಟೆ ಹಿಡಿದು ನಿಂತವರು ಚೆನ್ನಪ್ಪಣ್ಣ. ಅಡಿಬರಹದಲ್ಲಿ ಅವರ ಹೆಸರಿಲ್ಲ. ಕೊನೆಗೆ ಒಂದೇ ಕಡೆ ಸಿಕ್ಕಿತು. ಜಿಲ್ಲಾ ಪಂಚಾಯತ್ ಚುನಾವಣೆಯ ಫಲಿತಾಂಶ, ಪರಾಜಿತರ ಸಾಲು. ಸೋತಾಗ ಮಾತ್ರ ಬಿಡಲಿಕ್ಕೆ ಆಗದೆ ಬರೆದಿದ್ದೆ.

ಅದನ್ನೇ ಚರ್ಚಾಪುಟಕ್ಕೆ ಹಾಕಿದೆ. ಉಲ್ಲೇಖ ಮಾತ್ರ, ವಿವರ ಇಲ್ಲ, ಸಾಲದು ಎಂದ ಕಡಲಹಕ್ಕಿ. ಆಗ ಇದ್ದದ್ದನ್ನು ಇದ್ದ ಹಾಗೆ ಬರೆದೆ. ಸಂಕದ ವರದಿ ನನ್ನದು, ಅರ್ಜಿಗಳನ್ನು ಟೈಪ್ ಮಾಡಿದವನು ನಾನು, ಕೆಲಸ ಮಾಡಿದವರು ಇವರು, ಹೆಸರು ಬಿಟ್ಟವನು ನಾನು. ಅವನ ಉತ್ತರ ಬಹಳ ಮರ್ಯಾದೆಯದ್ದು. ಸರ್, ನಿಮ್ಮ ಮೇಲೆ ನನಗೆ ಗೌರವ ಇದೆ, ಆದರೆ ನೀವು ಹೇಳುವುದನ್ನು ಓದುಗರು ಪರಿಶೀಲಿಸುವುದು ಹೇಗೆ, ನೆನಪು ಮೂಲವಲ್ಲ ಎಂದು ನಮಗೆ ಶಿಬಿರದಲ್ಲಿ ಕಲಿಸಿದವರೇ ನೀವಲ್ಲವೇ ಎಂದು ಬರೆದಿದ್ದ. ಹೌದು, ನಾನೇ ಕಲಿಸಿದ್ದು. ಬೋರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಕಲಿಸಿದ್ದು. ಮಂತ್ರಿಯ ಪುಟದಲ್ಲಿ ‘ಇವರ ಪ್ರಯತ್ನದಿಂದ’ ಎಂಬುದನ್ನು ನಾನು ಅಳಿಸಿದರೆ, ಮೂಲದಲ್ಲಿ ಹಾಗೆಯೇ ಇದೆ ಎಂದು ಅವನು ಮರಳಿ ಸೇರಿಸಿದ. ಹಳೆಯ ಪತ್ರಿಕೆಗೆ ಫೋನು ಮಾಡಿ ಒಂದು ತಿದ್ದುಪಡಿ ಹಾಕುತ್ತೀರಾ ಎಂದು ಕೇಳಿದೆ. ನನ್ನ ಕಾಲದವರು ಯಾರೂ ಅಲ್ಲಿಲ್ಲ. ಆ ಕಡೆಯ ಹೆಣ್ಣುಮಗಳು ಸಮಾಧಾನದಿಂದ ಕೇಳಿಸಿಕೊಂಡು, ತಿದ್ದುಪಡಿ ಹಾಕುವುದು ನಿನ್ನೆ ಮೊನ್ನೆಯ ಸುದ್ದಿಗೆ ಎಂದಳು.

ಏಳನೆಯ ದಿನ ಬೆಳಿಗ್ಗೆ ಪುಟವನ್ನು ಅಳಿಸಿದೆ. ನನಗೆ ಪರಿಚಯದವರು, ಬೇರೆ ನಿರ್ವಾಹಕರು ನೋಡಲಿ ಎಂದು ಹಿಂದೆ ಸರಿಯಬಹುದಿತ್ತು, ಸರಿಯಬೇಕಿತ್ತು ಕೂಡ. ಆದರೆ ಈ ಕೆಲಸವನ್ನು ಇನ್ನೊಬ್ಬರ ಕೈಯಲ್ಲಿ ಮಾಡಿಸಿ ನಾನು ಕೈ ತೊಳೆದುಕೊಳ್ಳುವುದು ಹೇಡಿತನ ಅನ್ನಿಸಿತು. ಕಾರಣ ಎಂಬ ಜಾಗದಲ್ಲಿ ‘ಗಮನಾರ್ಹತೆಗೆ ಆಧಾರಗಳಿಲ್ಲ’ ಎಂದು ಟೈಪ್ ಮಾಡಿದೆ. ಸುಳ್ಳಲ್ಲ. ಆ ಹೊತ್ತು ನನ್ನ ಮೇಲೆ ನನಗೆ ಹೇಸಿಗೆಯಾದದ್ದೂ ಸುಳ್ಳಲ್ಲ.

ಫೋನಿನಲ್ಲಿ ಹೇಳುವ ಧೈರ್ಯ ಬರಲಿಲ್ಲ. ಮುಂದಿನ ಭಾನುವಾರ ಮೂಡುಬಿದಿರೆಯಿಂದ ಬಸ್ಸು ಹತ್ತಿ, ಬೆಳ್ತಂಗಡಿಯಲ್ಲಿ ಇಳಿದು, ಧರ್ಮಸ್ಥಳಕ್ಕೆ ಹೋಗುವವರ ನಡುವೆ ನುಸುಳಿಕೊಂಡು ನೆರಿಯದ ಬಸ್ಸು ಹಿಡಿದೆ. ಇಳಿದ ಮೇಲೆ ಅರ್ಧ ಗಂಟೆ ನಡಿಗೆ. ಸಂಕದ ಮೇಲೆಯೇ ದಾಟಿದೆ. ಅದರ ಬದಿಯಲ್ಲಿ ಅಮೃತಶಿಲೆಯ ಫಲಕ ಉಂಟು, ಅದರಲ್ಲಿಯೂ ನನಗೆ ಗೊತ್ತಿರುವ ಹೆಸರುಗಳೇ. ಚೆನ್ನಪ್ಪಣ್ಣನದ್ದು ಅಲ್ಲೂ ಇಲ್ಲ.

ಪುಟ ಹೋದದ್ದು ಸುಮತಿಗೆ ಆಗಲೇ ತಿಳಿದಿತ್ತು. ಜಗಲಿಯಲ್ಲಿ ಕುರ್ಚಿ ಹಾಕಿ, ಬೆಲ್ಲ ನೀರು ಕೊಟ್ಟು, ಚಾ ಮಾಡಲು ಒಳಗೆ ಹೋದಳು. ಮಗಳು ಶ್ರಾವ್ಯ, ಆರನೆಯ ತರಗತಿ, ಎದುರಿಗೆ ಬಂದು ಕೂತಳು. ನಾನು ಬರುತ್ತೇನೆಂದು ಮೊದಲೇ ತಿಳಿಸಿದ್ದರಿಂದ ನೋಟುಬುಕ್ಕು, ಪೆನ್ನು ಸಿದ್ಧ ಇಟ್ಟುಕೊಂಡಿದ್ದಳು. ಅವಳ ಮುಖ ನೋಡಿ ಮಾತಾಡುವುದು ಕಷ್ಟವಾಗಿ ಅವಳ ಪುಸ್ತಕ ನೋಡಿಕೊಂಡು ಹೇಳಿದೆ.

"ನಿನ್ನ ಅಜ್ಜ ಸುಳ್ಳು ಹೇಳ್ಲಿಲ್ಲ ಮಗಾ. ಸಂಕ ಮಾಡಿಸಿದ್ದು ಅವರೇ. ಪೇಪರಿನಲ್ಲಿ ಅವರ ಹೆಸರು ಬರೀದೆ ಬಿಟ್ಟದ್ದು ನಾನು."

ಅವಳು ಬರೆದುಕೊಂಡಳು. ಟೀಚರು ಕೇಳುತ್ತಾರೆ ಎಂಬ ಭಯಕ್ಕೋ ಏನೋ, ಯಾಕೆ ಬಿಟ್ಟದ್ದು ಎಂದು ಕೇಳಿದಳು.

ಇದಕ್ಕೆ ನಾನು ದಾರಿಯುದ್ದಕ್ಕೂ ಉತ್ತರ ಯೋಚಿಸಿಕೊಂಡೇ ಬಂದಿದ್ದೆ. ನಿನ್ನ ಅಜ್ಜ ಬಹಳ ದೊಡ್ಡ ಮನುಷ್ಯರು, ಹೆಸರು ಬಿಟ್ಟರೆ ಬೇರೆಯವರಿಗೆ ಬೇಸರ ಆಗುತ್ತಿತ್ತು, ಅವರಿಗೆ ಆಗುತ್ತಿರಲಿಲ್ಲ, ಅದಕ್ಕೇ ಬಿಟ್ಟದ್ದು ಎಂದೆ. ಹೇಳುವಾಗ ನನಗೆ ಸ್ವಲ್ಪ ಹಗುರವೂ ಆಯಿತು. ಇಷ್ಟು ವರ್ಷ ನನ್ನನ್ನು ನಾನು ಸಮಾಧಾನ ಮಾಡಿಕೊಂಡದ್ದು ಇದೇ ಮಾತಿನಿಂದ.

ಸುಮತಿ ಚಾದ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಕೋಪದಿಂದ ಅಲ್ಲ, ಮಗುವಿಗೆ ತಪ್ಪು ತಿಳಿಯಬಾರದಲ್ಲ ಎಂಬಂತೆ ಮೆತ್ತಗೆ ಹೇಳಿದಳು.

"ಬೇಸರ ಆಗ್ತಿತ್ತು ಸರ್. ಸಂಕದ ಸುದ್ದಿ ಬಂದ ದಿನ ಅಪ್ಪ ಊಟ ಮಾಡ್ಲಿಲ್ಲ. ಮಾಷ್ಟ್ರತ್ರ ಒಂದು ಮಾತು ಕೇಳ್ಬಾರ್ದಾ ಅಂತ ಅಮ್ಮ ಹೇಳಿದ್ರು. ಕೇಳಿದ್ರೆ ಅವರು ಮೋರೆ ತಿರುಗಿಸ್ತಾರೆ, ಮತ್ತೆ ಊರವರ ಅರ್ಜಿ ಯಾರು ಟೈಪ್ ಮಾಡಿ ಕೊಡ್ತಾರೆ ಅಂತ ಅಪ್ಪ ಹೇಳಿದ್ದು. ನಾನು ಅಲ್ಲೇ ಇದ್ದೆ."

ಲೋಟವನ್ನು ನನ್ನ ಪಕ್ಕದ ದಂಡೆಯ ಮೇಲೆ ಇಟ್ಟಳು. ಶ್ರಾವ್ಯ ಅಮ್ಮನನ್ನು ನೋಡಿದಳು, ಆಮೇಲೆ ನನ್ನನ್ನು.

"ಇದನ್ನೂ ಬರೀಲಿಕ್ಕುಂಟಾ?" ಎಂದು ಕೇಳಿದಳು.

ಬರಿ ಎಂದೆ. ನಾನು ಹೇಳಿದ ಕಾರಣವನ್ನು ಹೊಡೆದುಹಾಕಿ, ಅಮ್ಮ ಹೇಳಿದ್ದನ್ನು ಬರಿ ಎಂದೆ.